ಮನೆ ನಾಸ್ ಹೊರಗಿಂದ ತೆಗೆಯೋ ಹಂಗೆ ಇಟ್ಟಿದೀನಿ, ಲಾಗ್ ನೋಡಿ ಗಾಬರಿ ಆಗ್ತೈತೆ. ಏನು ಮಾಡ್ಲಿ?

ಕೌಲ್‌ಬಜಾರ್ ಸ್ಟುಡಿಯೋ, ಬಳ್ಳಾರಿ:
ಎಲ್ರಿಗೂ ನಮಸ್ಕಾರ. ನನ್ನದು ಮದುವೆ ಫೋಟೋ, ವಿಡಿಯೋ ಕೆಲಸ. ಶೂಟ್ ಮಾಡಿದ ಕಚ್ಚಾ ಫೈಲೆಲ್ಲ ಮನೇಲಿರೋ ಎರಡು ಡಿಸ್ಕಿನ ನಾಸ್‌ನಲ್ಲಿ (ನೆಟ್‌ಗೆ ಹಾಕಿ ಫೈಲ್ ಇಡೋ ಡಬ್ಬಿ) ಐತೆ. ಎಡಿಟಿಂಗ್ ಹುಡುಗ ಇರೋದು ಹೊಸಪೇಟೆಯಲ್ಲಿ, ಅವನು ಅಲ್ಲಿಂದಲೇ ಫೈಲ್ ಎಳ್ಕೋಬೇಕು. ಪಾರ್ಟಿಗಳು ಬೆಂಗಳೂರು, ಹೈದರಾಬಾದಲ್ಲಿ ಕೂತು ಆಲ್ಬಮ್ಮಿಗೆ ಫೋಟೋ ಆರಿಸ್ಬೇಕು. ಅದಕ್ಕೇ ಬ್ರಾಡ್‌ಬ್ಯಾಂಡ್ ಹಾಕೋಕೆ ಬಂದಿದ್ದ ಹುಡುಗ ರೂಟರ್‌ನಲ್ಲಿ ಒಂದು ಪೋರ್ಟ್ (ಹೊರಗಿಂದ ಒಳಗೆ ಬರೋ ಬಾಗಿಲು) ಓಪನ್ ಮಾಡಿ, "ಅಣ್ಣಾ, ಇನ್ಮೇಲೆ ಎಲ್ಲಿಂದ ಬೇಕಾದ್ರೂ ತೆಗೀಬಹುದು" ಅಂದು ಹೋದ.

ಮೊನ್ನೆ ಡಿಸ್ಕ್ ಎಷ್ಟು ತುಂಬೈತೆ ಅಂತ ನೋಡೋಕೆ ಹೋದಾಗ ಯಾರು ಯಾವಾಗ ಒಳಗೆ ಬರೋಕೆ ನೋಡಿದ್ರು ಅಂತ ತೋರಿಸೋ ಲಾಗ್ ಪುಟ ತೆಗೆದೆ. "ಅಡ್ಮಿನ್" ಲಾಗಿನ್ ವಿಫಲ. ಅದರ ಕೆಳಗೆ "ರೂಟ್" ವಿಫಲ. "ಟೆಸ್ಟ್", "ಗೆಸ್ಟ್", "ಬ್ಯಾಕಪ್", ತಿರುಗಾ "ಅಡ್ಮಿನ್". ನಾಲ್ಕೈದು ಸೆಕೆಂಡಿಗೊಂದು ಸಾಲು, ರಾತ್ರಿ ಪೂರ್ತಿ. ಐಪಿ (ನೆಟ್ ವಿಳಾಸ) ನೋಡಿದ್ರೆ ಒಂದೊಂದು ಒಂದೊಂದು ದೇಶದ್ದು. ನನ್ನ ಮೇಲೆ ಯಾರಿಗೆ ಹಗೆ? ಪಾಸ್‌ವರ್ಡ್ ಗಟ್ಟಿಯಾಗೇ ಐತೆ. ಹಂಗೇ ಬಿಟ್ರೆ ನಡೆಯುತ್ತಾ? ಮುಂದಿನ ತಿಂಗಳು ಮದುವೆ ಸೀಸನ್ನು, ಜನ ಕೊಟ್ಟ ನೆನಪು ಅದರೊಳಗೆ ಐತೆ. ಗೊತ್ತಿರೋರು ಹೇಳಿ.

ರಾಯಚೂರು ಕೋಟೆ:
ಮೊದಲು ಆ ಪೋರ್ಟ್ ಮುಚ್ರಿ. ಉಳಿದ ಮಾತು ಆಮ್ಯಾಲ.

ನಿಮ್ಮ ಮ್ಯಾಲ ಯಾರಿಗೂ ಹಗೆ ಇಲ್ಲ. ಇದು ಮನುಷ್ಯರು ಕೂತು ಮಾಡೋ ಕೆಲಸ ಅಲ್ಲ, ಬಾಟ್‌ಗಳು, ಅಂದ್ರ ತಾವೇ ಓಡೋ ಪ್ರೋಗ್ರಾಮ್‌ಗಳು. ಓಣ್ಯಾಗ ಪ್ರತಿ ಮನೀ ಬಾಗಿಲ ಚಿಲಕ ಅಲುಗಾಡಿಸ್ಕೊಂತ ಹೋಗೋ ಕಳ್ಳ ಇದ್ದಂಗ. ಇಂಟರ್ನೆಟ್ಟಿನ ಹಳೇ ವಿಳಾಸ ಪದ್ಧತಿ ಒಳಗ ಇರೋವೇ ಸುಮಾರು 430 ಕೋಟಿ ವಿಳಾಸ. ಇವತ್ತಿನ ಯಂತ್ರಗಳಿಗೆ ಅಷ್ಟೂ ಸುತ್ತಿ ಬರೋದು ದೊಡ್ಡ ಮಾತಲ್ಲ. ಶೋಡಾನ್ ಅಂತ ಹುಡುಕುತಾಣ 2009ರಿಂದ ಅದ, ಯಾವ ವಿಳಾಸದಾಗ ಯಾವ ಕಂಪನಿ ಡಬ್ಬಿ ಕೂತದ, ಯಾವ ಪೋರ್ಟ್ ತೆರೆದದ, ಎಲ್ಲಾ ಪಟ್ಟಿ ಮಾಡಿ ಇಟ್ಟದ. 5000, 5001 ಪೋರ್ಟ್ ತೆರೆದಿದ್ರ ಸಿನಾಲಜಿ ಕಂಪನಿ ನಾಸ್ ಇರಬೇಕು ಅಂತ ಬಾಟಿಗೆ ಗೊತ್ತು. 8080 ಇದ್ರ ಕ್ಯೂನ್ಯಾಪ್ ಕಂಪನಿದು ಇರಬಹುದು ಅಂತ ನೋಡ್ತದ. ಪೋರ್ಟ್ ನಂಬರ್ ಬದಲಿ ಮಾಡಿದ್ರ ಗದ್ದಲ ಸ್ವಲ್ಪ ಕಮ್ಮಿ ಆಗ್ತದ, ಅಪಾಯ ಕಮ್ಮಿ ಆಗಲ್ಲ.

ಗಂಗಾವತಿ ಭತ್ತ:
ಕೋಟೆ ಸರ್, ಇಷ್ಟು ಅಂಜಿಸಬ್ಯಾಡ್ರಿ. ನಮ್ಮ ರೈಸ್ ಮಿಲ್ಲಿನ ಲೆಕ್ಕ, ಬಿಲ್ಲು, ಕ್ಯಾಮರಾ ರೆಕಾರ್ಡಿಂಗ್ ಎಲ್ಲಾ ನಾಸ್‌ನಾಗ ಐತಿ. ಪೋರ್ಟ್ ತೆರದು ವರ್ಷಗಟ್ಲೆ ಆತು, ಏನೂ ಆಗಿಲ್ಲ. ಪಾಸ್‌ವರ್ಡ್ ಉದ್ದ ಇಡ್ರಿ, ಎರಡನೇ ಹಂತದ ಕೋಡ್ ಹಾಕ್ರಿ, ತಪ್ಪು ಲಾಗಿನ್ ಆದ ಐಪಿ ಬ್ಲಾಕ್ ಆಗೋ ಹಂಗ ಮಾಡ್ರಿ. ಮುಗೀತು. ಅವರು ಬಾಗಿಲು ಬಡಿದ್ರ ಬಡೀಲಿ, ಒಳಗ ಬಂದಿಲ್ಲಲ್ಲ?

ಸಂಡೂರು ಗುಡ್ಡ:
ಗಂಗಾವತಿ ಅವರೇ, ಪಾಸ್‌ವರ್ಡ್ ಮಾತು ಅರ್ಧ ಮಾತ್ರ. ಪಾಸ್‌ವರ್ಡ್ ಕೇಳುವ ತಂತ್ರಾಂಶದಲ್ಲೇ ತೂತಿದ್ದರೆ ನಿಮ್ಮದು ನಲವತ್ತು ಅಕ್ಷರ ಇದ್ದರೂ ಯಾರೂ ಕೇಳುವುದಿಲ್ಲ.

2021ರ ಜೂನ್ ಕೊನೆಯ ವಾರ. ವೆಸ್ಟರ್ನ್ ಡಿಜಿಟಲ್ ಕಂಪನಿಯ ಮೈ ಬುಕ್ ಲೈವ್ ಅನ್ನುವ ಡಿಸ್ಕ್ ಇಟ್ಟುಕೊಂಡಿದ್ದವರು ಬೆಳಗ್ಗೆ ಎದ್ದು ನೋಡಿದರೆ ಡಿಸ್ಕ್ ಖಾಲಿ. ಯಾರೋ ದೂರದಿಂದಲೇ ಫ್ಯಾಕ್ಟರಿ ರೀಸೆಟ್ ಕೊಟ್ಟಿದ್ದರು. ಫೋಲ್ಡರ್‌ಗಳ ಹೆಸರು ಉಳಿದಿತ್ತು, ಒಳಗೆ ಏನೂ ಇರಲಿಲ್ಲ ಎಂದು ಕೆಲವರು ಬರೆದುಕೊಂಡರು. ತನಿಖೆಯಲ್ಲಿ ಗೊತ್ತಾದದ್ದು ಏನು ಗೊತ್ತೇ? ರೀಸೆಟ್ ಮಾಡುವ ಮುಂಚೆ ಪಾಸ್‌ವರ್ಡ್ ಕೇಳಬೇಕಾದ ಸಾಲುಗಳು ಕೋಡಿನಲ್ಲಿ ಇದ್ದವು, ಆದರೆ ಅವುಗಳನ್ನು ಕಾಮೆಂಟ್ ಮಾಡಿ ನಿಷ್ಕ್ರಿಯ ಮಾಡಿದ್ದರು. ಕೇಳುವವರೇ ಇರಲಿಲ್ಲ. ಅದಲ್ಲದೆ 2018ರಲ್ಲೇ ವರದಿಯಾಗಿದ್ದ ಇನ್ನೊಂದು ತೂತು ಹಾಗೇ ಇತ್ತು. ಆ ಮಾಡೆಲ್ಲಿಗೆ ಕೊನೆಯ ಅಪ್‌ಡೇಟ್ ಬಂದದ್ದು 2015ರಲ್ಲಿ. ಆಮೇಲೆ ಕಂಪನಿ ಡೇಟಾ ವಾಪಸ್ ತೆಗೆಸಿಕೊಡುವ ವ್ಯವಸ್ಥೆ ಮಾಡಿತು, ಆದರೆ ಆ ದಿನ ಕೂತು ಅತ್ತವರು ಅತ್ತರು.

ಅವರ ಪಾಸ್‌ವರ್ಡ್ ದುರ್ಬಲವಾಗಿತ್ತು ಅನ್ನುತ್ತೀರಾ?

ಕಿನ್ನಾಳ ಗೊಂಬಿ:
ಅಯ್ಯೋ ದೇವರೇ. ಮಕ್ಕಳ ಫೋಟೋ ಎಲ್ಲಾ ಹೋದ್ರ ಎದಿ ಒಡೀತೈತಿ.

ಗಂಗಾವತಿ ಭತ್ತ:
ಅದು ಹಳೇ ಮಾಲು ಸರ್, ಅಪ್‌ಡೇಟ್ ಬಿಟ್ಟು ಆರು ವರ್ಷ ಆಗಿತ್ತು ಅಂತ ನೀವ ಹೇಳಾಕತ್ತೀರಿ. ನಂದು ಹೊಸಾದು, ಪ್ರತಿ ಅಪ್‌ಡೇಟ್ ಹಾಕ್ತೀನಿ.

ರಾಯಚೂರು ಕೋಟೆ:
ಹೊಸಾದ್ರ ಕಥೀನೂ ಕೇಳ್ರಿ. 2021ರ ಏಪ್ರಿಲ್‌ನಾಗ ಕ್ಯೂನ್ಯಾಪ್ ಡಬ್ಬಿಗಳ ಮ್ಯಾಲ ಕ್ಯೂಲಾಕರ್ ಅನ್ನೋ ದಾಳಿ ಬಿತ್ತು. ವಿಚಿತ್ರ ಅಂದ್ರ ಅವರು ತಮ್ಮದೊಂದು ವೈರಸ್ ಬರೆದು ತರಲಿಲ್ಲ, ಡಬ್ಬಿ ಒಳಗ ಮೊದಲೇ ಇದ್ದ ಸೆವೆನ್‌ಝಿಪ್ ಅನ್ನೋ ಫೈಲ್ ಕಟ್ಟೋ ತಂತ್ರಾಂಶ ಉಪಯೋಗ ಮಾಡಿ ಎಲ್ಲಾ ಫೈಲ್ ಪಾಸ್‌ವರ್ಡ್ ಹಾಕಿ ಕಟ್ಟಿಬಿಟ್ರು. ಬಿಡಿಸ್ಲಿಕ್ಕೆ 0.01 ಬಿಟ್‌ಕಾಯಿನ್ ಕೊಡ್ರಿ ಅಂತ ಚೀಟಿ. ದಾರಿ ಯಾವುದು ಅಂದ್ರ ಕಂಪನಿಯವರದೇ ಬ್ಯಾಕಪ್ ಆ್ಯಪ್. ಅದರೊಳಗ ಲಾಗಿನ್ ವಿವರ ಕೋಡಿನಾಗೇ ಬರೆದಿಟ್ಟಿದ್ರು. ಬ್ಯಾಕಪ್ ಆ್ಯಪ್ಪೇ ಬಾಗಿಲು ಆತು ನೋಡ್ರಿ.

ವರ್ಷ ತುಂಬೋದ್ರೊಳಗ, 2022ರ ಜನವರಿಗೆ, ಡೆಡ್‌ಬೋಲ್ಟ್ ಅನ್ನೋ ಇನ್ನೊಂದು ದಾಳಿ ಬಂತು. ನಾಸ್ ಲಾಗಿನ್ ಪುಟ ತೆರೆದ್ರ ಅಲ್ಲೇ ಕಪ್ಪು ಪರದಿ ಮ್ಯಾಲ ಬೆದರಿಕಿ, 0.03 ಬಿಟ್‌ಕಾಯಿನ್ ಕೇಳಿದ್ರು. ಕಂಪನಿಯವರಿಗೂ ಬೇರೆ ಬೆಲೆ ಇಟ್ಟಿದ್ರು, 50 ಬಿಟ್‌ಕಾಯಿನ್ ಕೊಟ್ರ ಎಲ್ಲಾರದೂ ಬಿಚ್ಚೋ ಮಾಸ್ಟರ್ ಕೀ ಕೊಡ್ತೀವಿ ಅಂತ. ಮುಂದಿನ ತಿಂಗಳು ಆಸಸ್ಟರ್ ಕಂಪನಿ ಡಬ್ಬಿಗಳಿಗೂ ತಗುಲಿತು. ಸಿನಾಲಜಿಗೆ 2014ರಾಗೇ ಸಿನೋಲಾಕರ್ ಅನ್ನೋ ಇಂಥದ್ದೇ ದಾಳಿ ಬಂದು ಹೋಗ್ಯದ. ಯಾವ ಕಂಪನಿನೂ ಹೊರತಲ್ಲ.

ಹಟ್ಟಿ ಚಿನ್ನ:
ಡೆಡ್‌ಬೋಲ್ಟ್ ನೆದರ್‌ಲ್ಯಾಂಡ್ ಪೊಲೀಸರು ಒಡೆದುಬಿಟ್ರಲ್ಲ? ಅದರ ಕೋಡ್ ಮುರಿದು ಎಲ್ಲಾರಿಗೂ ಕೀ ಕೊಟ್ರು ಅಂತ ಓದೀನಿ.

ಸಂಡೂರು ಗುಡ್ಡ:
ಕೋಡ್ ಮುರಿಯಲಿಲ್ಲ, ಜಾಣತನ ಮಾಡಿದರು. 2022ರ ಅಕ್ಟೋಬರಿನಲ್ಲಿ. ಹಣ ಕಟ್ಟಿದ ಕೂಡಲೇ ಬಿಟ್‌ಕಾಯಿನ್ ವ್ಯವಹಾರದ ಮೂಲಕವೇ ಕೀ ತಾನಾಗಿ ಬರುವ ಹಾಗೆ ಆ ಗುಂಪು ಇಟ್ಟಿತ್ತು. ಪೊಲೀಸರು ಹಣ ಕಳಿಸಿದರು, ಕೀ ಬಂತು, ವ್ಯವಹಾರ ಖಾತ್ರಿಯಾಗುವ ಮುಂಚೆಯೇ ರದ್ದು ಮಾಡಿದರು. ಹಾಗೆ 155 ಕೀ ಸಿಕ್ಕವು. ಗುಂಪಿಗೆ ಗೊತ್ತಾಗಿ ದಾರಿ ಮುಚ್ಚಿತು. 155 ಜನಕ್ಕೆ ಒಳ್ಳೆಯದಾಯಿತು, ಉಳಿದ ಸಾವಿರಾರು ಜನಕ್ಕೆ ಇಲ್ಲ.

ಹಟ್ಟಿ ಚಿನ್ನ:
ಓಹ್, ಹಂಗೇನು. ಥ್ಯಾಂಕ್ಸ್ ಸರ್.

ಸಿಂಧನೂರು ಕಾಲುವೆ:
ಕ್ಯೂಲಾಕರ್ ಟೈಮಿನಾಗ ನಮ್ಮ ಪರಿಚಯದ ಸ್ಟುಡಿಯೋದವರಿಗೆ ಇದೇ ಆತು. ಫೋನ್ ಮಾಡಿದ್ರು, "ಎಲ್ಲಾ ಫೈಲ್ ಹೆಸರಿನ ಕೊನೀಗೆ ಸೆವೆನ್‌ಝಡ್ ಅಂತ ಬಂದದ" ಅಂತ. ಹೋಗಿ ನೋಡೋದ್ರೊಳಗ ಅವರು ಗಾಬರಿಗೆ ಪ್ಲಗ್ ಕಿತ್ತುಬಿಟ್ಟಿದ್ರು. ಕೆಲಸ ನಡೀತಿರುವಾಗ ಡಬ್ಬಿ ಬಂದ್ ಮಾಡದಿದ್ರ ಆ ಪಾಸ್‌ವರ್ಡ್ ಮೆಮೊರಿಯಿಂದ ಹಿಡಿಯೋ ದಾರಿ ಇತ್ತು, ಪ್ಲಗ್ ತೆಗೆದ ಕೂಡಲೇ ಅದೂ ಹೋತು. ಒಂದು ಮದುವಿದು ಆಲ್ಬಮ್ ಪ್ರಿಂಟ್ ಆಗಿತ್ತು, ಅದನ್ನ ಸ್ಕ್ಯಾನ್ ಮಾಡಿ ಕೊಟ್ರು. ಇನ್ನೊಂದು ಮದುವಿ ವಿಡಿಯೋ ಹೋತು ಹೋತು. ಹುಡುಗಿ ತಂದಿ ಮದುವಿ ಆದ ಎರಡು ತಿಂಗಳಿಗೆ ತೀರಿಕೊಂಡಿದ್ರು, ಅವರ ಕೊನೇ ವಿಡಿಯೋ ಅದು. ಆ ಮನೀಗೆ ಹೋಗಿ ಹೇಳಿ ಬರೋ ಹೊತ್ತಿಗೆ ಆ ಸ್ಟುಡಿಯೋದವರು ಅರ್ಧ ಆಗಿದ್ರು.

ಯಾರಿಗಾದ್ರೂ ಹಿಂಗಾದ್ರ ಪ್ಲಗ್ ಕೀಳಬ್ಯಾಡ್ರಿ. ನೆಟ್ ಕೇಬಲ್ ಕಿತ್ತು ತಿಳಿದವರಿಗೆ ತೋರಿಸ್ರಿ.

ರಾಯಚೂರು ಕೋಟೆ:
ಸಿಂಧನೂರು ಅಣ್ಣಾ, ನೆಟ್ ಕೇಬಲ್ ಮಾತು ಖರೆ, ಆದ್ರ ಪ್ಲಗ್ ವಿಷಯ ಎಲ್ಲಾ ಕಡೆ ಒಂದೇ ಅಲ್ಲ. ಕ್ಯೂಲಾಕರ್‌ಗೆ ಅದು ಸರಿ. ಬೇರೆ ಥರದ್ದು ಫೈಲ್ ಮ್ಯಾಲ ಫೈಲ್ ಕಟ್ಟಿಕೊಂತ ಹೋಗ್ತಿದ್ರ, ಬಂದ್ ಮಾಡಿದಷ್ಟು ಫೈಲ್ ಉಳೀತಾವ. ಮೈ ಬುಕ್ ಲೈವ್‌ದಾಗ ಕಂಪನಿಯವರೇ ನೆಟ್‌ನಿಂದ ಬಿಡಿಸಿ ಇಡ್ರಿ ಅಂದಿದ್ರು. ಏನಾಗ್ಯದ ಅಂತ ನೋಡಿ ತೀರ್ಮಾನ ಮಾಡಬೇಕು.

ಕೌಲ್‌ಬಜಾರ್ ಸ್ಟುಡಿಯೋ, ಬಳ್ಳಾರಿ:
ಸಿಂಧನೂರು ಅವರ ಪೋಸ್ಟ್ ಓದಿ ಕೈ ನಡುಗಿತು. ಪೋರ್ಟ್ ಈಗಲೇ ಮುಚ್ಚಿದೆ. ಲಾಗ್ ನಿಂತೈತೆ. ರೂಟರ್‌ನಲ್ಲಿ ಯುಪಿಎನ್‌ಪಿ ಅಂತ ಒಂದು ಪುಟ ಐತೆ, ಅದರಲ್ಲಿ ಇನ್ನೂ ಎರಡು ಸಾಲು ತೋರಿಸ್ತೈತೆ, ಒಂದು ನಾಸ್ ಐಪಿಗೆ, ಇನ್ನೊಂದು ಡಿವಿಆರ್ (ಕ್ಯಾಮರಾ ರೆಕಾರ್ಡಿಂಗ್ ಡಬ್ಬಿ) ಐಪಿಗೆ. ಆ ಹುಡುಗ ಇವನ್ನ ಹಾಕಿಲ್ಲ ಅಂತಾನೆ. ಯಾರು ಹಾಕಿದ್ದು?

ಸಂಡೂರು ಗುಡ್ಡ:
ಆ ಡಬ್ಬಿಗಳೇ ಹಾಕಿಕೊಂಡಿವೆ. ಯುಪಿಎನ್‌ಪಿ ಅಂದರೆ ಮನೆಯೊಳಗಿನ ಯಾವುದೇ ಸಾಧನ ರೂಟರ್‌ಗೆ "ನನಗೊಂದು ಪೋರ್ಟ್ ತೆರೆ" ಎಂದು ಹೇಳಬಹುದು, ರೂಟರ್ ನಿಮ್ಮನ್ನು ಕೇಳದೆಯೇ ತೆರೆಯುತ್ತದೆ. ಆಟದ ಕನ್ಸೋಲ್‌ಗಳಿಗೆ ಅನುಕೂಲ ಅಂತ ಬಹುತೇಕ ರೂಟರ್‌ಗಳಲ್ಲಿ ಮೊದಲಿನಿಂದಲೇ ಆನ್ ಇರುತ್ತದೆ. ರೂಟರ್‌ನಲ್ಲಿ ಯುಪಿಎನ್‌ಪಿ ಆಫ್ ಮಾಡಿ, ನಾಸ್ ಸೆಟ್ಟಿಂಗಿನಲ್ಲಿ ರೂಟರ್ ಅನ್ನು ತಾನೇ ಹೊಂದಿಸುವ ಆಯ್ಕೆ ಇದ್ದರೆ ಅದನ್ನೂ ಆಫ್ ಮಾಡಿ, ರೂಟರ್ ರೀಸ್ಟಾರ್ಟ್ ಮಾಡಿ, ಪಟ್ಟಿ ಖಾಲಿಯಾಯಿತೇ ಎಂದು ಇನ್ನೊಮ್ಮೆ ನೋಡಿ. ಡಿಎಂಝಡ್ ಅನ್ನುವ ಜಾಗದಲ್ಲಿ ಯಾವುದಾದರೂ ಐಪಿ ಬರೆದಿದ್ದರೆ ಕೂಡಲೇ ತೆಗೆಯಿರಿ. ಅದು ಆ ಸಾಧನದ ಎಲ್ಲ ಪೋರ್ಟ್‌ಗಳನ್ನೂ ಹೊರಗೆ ಒಡ್ಡುತ್ತದೆ.

ಡಿವಿಆರ್ ಬಗ್ಗೆ ಇನ್ನೂ ಹೆಚ್ಚು ಹುಷಾರು. 2016ರ ಮಿರಾಯ್ ಅನ್ನುವ ದಾಳಿ ನೆನಪಿದೆಯಲ್ಲ? ಕ್ಯಾಮರಾ, ಡಿವಿಆರ್‌ಗಳಿಗೆ ಕಾರ್ಖಾನೆಯಲ್ಲೇ ಇಟ್ಟ ಪಾಸ್‌ವರ್ಡ್‌ಗಳ ಪಟ್ಟಿ ಹಿಡಿದು ಒಳನುಗ್ಗಿ, ಅವುಗಳಿಂದಲೇ ಅಕ್ಟೋಬರಿನಲ್ಲಿ ಡೈನ್ ಎಂಬ ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ಐಪಿ ಹುಡುಕಿಕೊಡುವ) ಕಂಪನಿಯ ಮೇಲೆ ದಾಳಿ ಮಾಡಿದರು. ಟ್ವಿಟರ್‌ನಂಥ ದೊಡ್ಡ ತಾಣಗಳೇ ತೆರೆಯದಾಗಿದ್ದವು.

ಜೀನ್ಸ್ ಲೆಕ್ಕಿಗ, ಬಳ್ಳಾರಿ:
ಡಿವಿಆರ್ ಮಾತು ಬಂದಿದ್ದಕ್ಕೆ ಹೇಳ್ತೀನಿ. ನಮ್ಮ ಬಳ್ಳಾರಿ ಜೀನ್ಸ್ ಯೂನಿಟ್‌ಗಳಲ್ಲಿ ಮಿಷಿನ್ ಹಾಲಿಗೆ ಕ್ಯಾಮರಾ ಹಾಕದೋರೇ ಇಲ್ಲ. ಹಾಕಿ ಹೋದೋರು ಪಾಸ್‌ವರ್ಡ್ ಬದಲು ಮಾಡ್ಸೋದಿಲ್ಲ. ಹೊಲಿಯೋ ಹೆಣ್ಮಕ್ಕಳು ಇರೋ ಜಾಗ ಅದು, ಹೊರಗಿನವರು ನೋಡೋ ಹಂಗೆ ಬಿಡೋದು ಸರಿಯಾ? ಡಿವಿಆರ್, ನಾಸ್, ಲೆಕ್ಕದ ಕಂಪ್ಯೂಟರ್ ಮೂರೂ ಒಂದೇ ನೆಟ್ಟಲ್ಲಿ ಇಟ್ರೆ ಒಂದು ಹೋದ್ರೆ ಮೂರೂ ಹೋದಂಗೆ. ಕ್ಯಾಮರಾನ ಗೆಸ್ಟ್ ವೈಫೈಗೋ ಬೇರೆ ರೂಟರ್‌ಗೋ ಹಾಕಿ.

ಗಂಗಾವತಿ ಭತ್ತ:
ನಂದು ಅಂತೂ ಇವೆಲ್ಲಾ ಬರಂಗಿಲ್ಲ ಬಿಡ್ರಿ. ಮಿಲ್ಲಿನಾಗ ಸಿಮ್ ಹಾಕೋ ರೂಟರ್ ಐತಿ, ನೂರಾರು ಮಂದಿಗೆ ಒಂದ ಐಪಿ. ಸಿಜಿನ್ಯಾಟ್ ಅಂತಾರಲ್ಲ. ಹೊರಗಿಂದ ನನ್ನ ತನಕಾ ಬರಾಕ ದಾರಿನ ಇಲ್ಲ.

ಕೊಪ್ಪಳ ಕೋಟೆ ಗುಡ್ಡ:
ಅಣ್ಣಾ, ಪೋರ್ಟ್ ತೆರದೀನಿ ಅಂತ ಮ್ಯಾಲ ಹೇಳಿದ್ರಿ, ಈಗ ಸಿಜಿನ್ಯಾಟ್ ಐತಿ ಅಂತೀರಿ. ಎರಡೂ ಖರೆ ಇದ್ರ ಆ ಪೋರ್ಟ್ ಕೆಲಸಾನ ಮಾಡಿರಂಗಿಲ್ಲ, ನಿಮ್ಮ ಮೊಬೈಲ್ ಆ್ಯಪ್ ಕಂಪನಿ ಸರ್ವರ್ ದಾಟಿ ಬರಾಕತ್ತಿರಬೇಕು. ಅದಕ್ಕ ಏನೂ ಆಗಿಲ್ಲ ಅನಸತೈತಿ.

ನೋಡೋದು ಹೆಂಗಂದ್ರ, ರೂಟರ್ ಪುಟದಾಗ ವ್ಯಾನ್ ಐಪಿ (ರೂಟರ್‌ಗೆ ಹೊರಗಿನ ಕಡೆ ಸಿಕ್ಕ ವಿಳಾಸ) ನೋಡ್ರಿ. 100.64ರಿಂದ 100.127ರ ತನಕ ಯಾವುದಾರ ಇದ್ರ ಸಿಜಿನ್ಯಾಟ್. 10, 172.16, 192.168 ಇಂಥಾದ್ದು ಇದ್ರೂ ನೀವು ಇನ್ನೊಂದರ ಹಿಂದ ಇದ್ದಂಗ. ಆದ್ರ ಇದು ಹಳೇ ಐಪಿವಿ4 ಮಾತು. ಈಗ ನಮ್ಮ ದೇಶದಾಗ ಮೊಬೈಲ್ ನೆಟ್‌ಗೆ ಐಪಿವಿ6 ಅನ್ನೋ ಹೊಸಾ ವಿಳಾಸ ಪದ್ಧತಿ ಬರತೈತಿ, ಭಾಳ ಬ್ರಾಡ್‌ಬ್ಯಾಂಡಿಗೂ ಬರತೈತಿ. ಅದರಾಗ ಪ್ರತಿ ಸಾಧನಕ್ಕೂ ಹೊರಗಿನ ವಿಳಾಸಾನ ಇರತೈತಿ, ನಡುವ ಇರೋದು ರೂಟರ್ ಫೈರ್‌ವಾಲ್ ಒಂದ. ಅದು ಆಫ್ ಇದ್ರ ನಿಮ್ಮ ನಾಸ್ ನೇರ ರಸ್ತಾದ ಮ್ಯಾಲ. ಐಪಿವಿ6 ಫೈರ್‌ವಾಲ್ ಆನ್ ಐತೋ ಇಲ್ಲೋ ಒಮ್ಮಿ ನೋಡ್ರಿ.

ಹಟ್ಟಿ ಚಿನ್ನ:
ಐಪಿವಿ6 ಒಳಗ ವಿಳಾಸ ಕೋಟ್ಯಾನುಕೋಟಿ ಅವ, ಹುಡುಕೋದು ಯಾರ ಕೈಲೂ ಆಗಲ್ಲ ಅಂತ ಕೇಳೀನಿ.

ಕೊಪ್ಪಳ ಕೋಟೆ ಗುಡ್ಡ:
ಒಂದೊಂದ ಎಣಿಸ್ಕೊಂತ ಹೋದ್ರ ಆಗಂಗಿಲ್ಲ, ಖರೆ. ಆದ್ರ ಡಿಡಿಎನ್‌ಎಸ್ ಅಂತ ಮನಿ ನೆಟ್ ವಿಳಾಸಕ್ಕ ಒಂದು ಹೆಸರು ಇಟ್ಟುಕೊಂಡ್ರ ವಿಳಾಸ ನೀವ ಹೇಳಿದಂಗ ಆತಲ್ಲ. ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಮಾಡಿಸಿದ ಹೆಸರೂ ಎಲ್ಲಾರೂ ನೋಡೋ ಪಟ್ಟಿಗೆ ಹೋಗತಾವ. ಅಡಗಿ ಕೂತೀನಿ ಅನ್ನೋ ನಂಬಿಕಿ ಮ್ಯಾಲ ಕುಂದರಬ್ಯಾಡ್ರಿ.

ಕಿನ್ನಾಳ ಗೊಂಬಿ:
ನನ್ನ ಪ್ರಶ್ನೆ ಸಣ್ಣದು. ನಾಸ್ ಅಂತ ಏನೂ ಇಲ್ಲ ನನ್ನ ಹತ್ರ. ರೂಟರ್ ಹಿಂದ ಯುಎಸ್‌ಬಿ ಕಿಂಡಿ ಐತಿ, ಅದಕ್ಕ ಹಳೇ ಹಾರ್ಡ್ ಡಿಸ್ಕ್ ಚುಚ್ಚೀನಿ. ಶಾಲಿ ಮಕ್ಕಳ ನಾಟಕದ ವಿಡಿಯೋ, ನಮ್ಮ ಮನಿ ಫೋಟೋ ಟಿವಿ ಒಳಗ ನೋಡಾಕ. ಇದಕ್ಕೂ ಇಷ್ಟೆಲ್ಲಾ ಭಯ ಐತೇನು?

ಸಂಡೂರು ಗುಡ್ಡ:
ಅಕ್ಕಾ, ಒಳ್ಳೆ ಪ್ರಶ್ನೆ, ಇದನ್ನು ಕೇಳುವವರು ಕಡಿಮೆ. ಅದೂ ಒಂದು ನಾಸ್, ಹೆಸರು ಬೇರೆ ಅಷ್ಟೇ.

ಏಸಸ್ ರೂಟರ್‌ಗಳಲ್ಲಿ ಇದೇ ಆಗಿತ್ತು. ಯುಎಸ್‌ಬಿ ಡಿಸ್ಕ್ ಚುಚ್ಚಿ ಮನೆಯಲ್ಲಿ ಹಂಚಿಕೊಳ್ಳಲು ಹೋದವರ ಡಿಸ್ಕು ಪಾಸ್‌ವರ್ಡ್ ಇಲ್ಲದ ಎಫ್‌ಟಿಪಿ (ಫೈಲ್ ಸಾಗಿಸುವ ಹಳೆಯ ಪದ್ಧತಿ) ಮೂಲಕ ಜಗತ್ತಿಗೇ ತೆರೆದಿತ್ತು. 2014ರ ಫೆಬ್ರವರಿಯಲ್ಲಿ ಯಾರೋ ಒಳಗೆ ಹೋಗಿ, "ನಿಮ್ಮ ರೂಟರ್, ನಿಮ್ಮ ಕಡತ ಯಾರು ಬೇಕಾದರೂ ನೋಡಬಹುದು" ಎಂಬರ್ಥದ ಚೀಟಿಯನ್ನು ಜನರ ಡಿಸ್ಕಿನಲ್ಲೇ ಬಿಟ್ಟು ಬಂದರು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೇಳಿದಂತೆ 12,900ಕ್ಕೂ ಹೆಚ್ಚು ಜನರ ಡಿಸ್ಕುಗಳಿಗೆ ಹಾಗೆ ಅತಿಕ್ರಮ ಪ್ರವೇಶವಾಗಿತ್ತು. 2016ರಲ್ಲಿ ಕಂಪನಿ ರಾಜಿಗೆ ಬಂದು, 20 ವರ್ಷ ಹೊರಗಿನವರಿಂದ ಭದ್ರತಾ ತಪಾಸಣೆ ಮಾಡಿಸಿಕೊಳ್ಳಲು ಒಪ್ಪಬೇಕಾಯಿತು.

ನಿಮ್ಮ ರೂಟರ್‌ನಲ್ಲಿ ಸ್ಟೋರೇಜ್ ಅಥವಾ ಯುಎಸ್‌ಬಿ ಅನ್ನುವ ಪುಟ ತೆಗೆಯಿರಿ. ಎಫ್‌ಟಿಪಿ ಆಫ್. ಅನಾನಿಮಸ್ (ಹೆಸರು, ಪಾಸ್‌ವರ್ಡ್ ಇಲ್ಲದ ಪ್ರವೇಶ) ಆಫ್. "ವ್ಯಾನ್‌ನಿಂದ ಪ್ರವೇಶ" ಎಂದಿದ್ದರೆ ಅದೂ ಆಫ್. ಟಿವಿಗೆ ಬೇಕಾದ ಹಂಚಿಕೆ ಮಾತ್ರ ಸಾಕು. ಮಕ್ಕಳ ವಿಡಿಯೋ ಇರುವುದರಿಂದ ಇವತ್ತೇ ಮಾಡಿ.

ಕಿನ್ನಾಳ ಗೊಂಬಿ:
ಮಾಡಿದೆ ಸರ್. ಎಫ್‌ಟಿಪಿ ಆನ್ ಇತ್ತು! ಬಂದ್ ಮಾಡೀನಿ. ಭಾಳ ಉಪಕಾರ ಆತು.

ಲಿಂಗಸೂಗೂರು ಬಿಸಿಲು:
ಎಲ್ಲಾರೂ ಹ್ಯಾಕರ್ ಮಾತೇ ಆಡ್ಲಿಕತ್ತೀರಿ. ನಮ್ಮ ಕಡೆ ನಾಸ್ ಸಾಯೋದು ಬಿಸಿಲಿಗೆ, ಧೂಳಿಗೆ, ಕರೆಂಟಿಗೆ. ಏಪ್ರಿಲ್, ಮೇ ಒಳಗ ರೂಮ್ 40 ಡಿಗ್ರಿ ದಾಟ್ತದ, ಡಿಸ್ಕ್ 55 ತೋರಸ್ತದ. ಯುಪಿಎಸ್ ಇಲ್ದ ನಾಸ್ ಇಡಬ್ಯಾಡ್ರಿ. ಯುಪಿಎಸ್‌ನಿಂದ ನಾಸ್‌ಗೆ ಯುಎಸ್‌ಬಿ ವೈರ್ ಹಾಕಿದ್ರ ಬ್ಯಾಟರಿ ಮುಗಿಯೋಕ್ಕಿಂತ ಮುಂಚೆ ತಾನೇ ಸರಿಯಾಗಿ ಬಂದ್ ಆಗ್ತದ.

ಜೀನ್ಸ್ ಲೆಕ್ಕಿಗ, ಬಳ್ಳಾರಿ:
ಧೂಳು ಅಂದ್ರೆ ನಮ್ಮದು ಕೇಳ್ಬೇಡಿ ಸರ್. ಹತ್ತಿ ನೂಲಿನ ಪುಡಿ ಫ್ಯಾನಿಗೆ ಮೆತ್ಕೊಂಡು ಕಂಬಳಿ ಥರ ಆಗಿರ್ತೈತೆ. ತಿಂಗಳಿಗೊಮ್ಮೆ ಬ್ಲೋವರ್ ಹೊಡೀಲೇಬೇಕು.

ರಾಯಚೂರು ಕೋಟೆ:
ಸರಿ ಸರಿ, ಅದಕ್ಕ ಬ್ಯಾರೆ ಚರ್ಚೆ ತೆಗೀರಿ. ಸ್ಟುಡಿಯೋ ಅಣ್ಣಗ ದಾರಿ ಹೇಳೋಣ.

ಅಣ್ಣಾ, ನಿಮಗ ಬೇಕಾದ್ದು ಎರಡು ಬ್ಯಾರೆ ಬ್ಯಾರೆ ಕೆಲಸ, ಎರಡನ್ನೂ ಒಂದೇ ಬಾಗಿಲಿನಿಂದ ಮಾಡ್ಲಿಕತ್ತೀರಿ.

ಎಡಿಟಿಂಗ್ ಹುಡುಗ ನಿಮ್ಮವನು, ಅವನಿಗೆ ವಿಪಿಎನ್ (ನೆಟ್ ಮ್ಯಾಲ ಬೀಗ ಹಾಕಿದ ಖಾಸಗಿ ದಾರಿ) ಕೊಡ್ರಿ. ನಿಮ್ಮ ರೂಟರ್‌ನಾಗ ವೈರ್‌ಗಾರ್ಡ್ ಅನ್ನೋ ವಿಪಿಎನ್ ಇದ್ರ ಅದನ್ನೇ ಹಚ್ರಿ. ಅದು 2020ರಿಂದ ಲಿನಕ್ಸ್ ಕರ್ನಲ್ ಒಳಗೇ ಅದ, ಕೋಡ್ ಸಣ್ಣದು, ಕೀ ಇಲ್ದವರು ಬಡಿದ್ರ ಉತ್ತರಾನೇ ಕೊಡಲ್ಲ. ಸ್ಕ್ಯಾನ್ ಮಾಡೋ ಬಾಟಿಗೆ ಅಲ್ಲಿ ಏನೂ ಇಲ್ಲ ಅನಸ್ತದ. ಅಷ್ಟು ತಲೆಬಿಸಿ ಬ್ಯಾಡ ಅಂದ್ರ ಟೈಲ್‌ಸ್ಕೇಲ್ ಹಾಕ್ರಿ. ಒಳಗಿರೋದು ಅದೇ ವೈರ್‌ಗಾರ್ಡ್. ನಾಸ್‌ನಾಗ ಒಂದು, ಹುಡುಗನ ಕಂಪ್ಯೂಟರ್‌ನಾಗ ಒಂದು, ನಿಮ್ಮ ಫೋನಿನಾಗ ಒಂದು. ರೂಟರ್‌ನಾಗ ಒಂದೂ ಪೋರ್ಟ್ ತೆರೆಯೋದು ಬ್ಯಾಡ, ಸಿಜಿನ್ಯಾಟ್ ಇದ್ರೂ ನಡೀತದ. ಹುಡುಗ ಹೊಸಪೇಟೆಯಾಗ ಕೂತು ಮನೀ ಒಳಗ ಇದ್ದಂಗೇ ಫೋಲ್ಡರ್ ತೆಗೀತಾನ. ಅವನಿಗೆ ಬ್ಯಾರೆ ಖಾತೆ ಮಾಡ್ರಿ, ಅವನು ಕೆಲಸ ಮಾಡೋ ಫೋಲ್ಡರ್ ಅಷ್ಟೇ ಕಾಣೋ ಹಂಗ. ಅಡ್ಮಿನ್ ಖಾತೆ ಬಂದ್ ಮಾಡಿ ಬ್ಯಾರೆ ಹೆಸರಿನ ಖಾತೆಗೆ ಆ ಅಧಿಕಾರ ಕೊಡ್ರಿ.

ಇನ್ನು ಪಾರ್ಟಿಗಳು. ಅವರು ನಿಮ್ಮ ನಾಸ್ ತನಕ ಯಾಕ ಬರಬೇಕು? ಆರಿಸ್ಲಿಕ್ಕೆ ಸಣ್ಣ ಸೈಜಿನ ಜೇಪೆಗ್ ಸಾಕು. ಅದನ್ನ ಯಾವುದಾದ್ರೂ ಕ್ಲೌಡ್ ಡ್ರೈವಿಗೆ ಹಾಕಿ, ಲಿಂಕಿಗೆ ಗಡುವು ಇಟ್ಟು ಕಳಸ್ರಿ. ಕಚ್ಚಾ ಫೈಲ್ ಮನ್ಯಾಗೇ ಇರ್ಲಿ.

ಗಂಗಾವತಿ ಭತ್ತ:
ಸಿನಾಲಜಿ ಕಂಪನಿಯವರ ಕೊಟ್ಟಿರೋ ಕ್ವಿಕ್‌ಕನೆಕ್ಟ್ (ಅವರ ಸರ್ವರ್ ದಾಟಿ ನಾಸ್‌ಗೆ ಹೋಗೋ ದಾರಿ) ಇರಬೇಕಾದ್ರ ವಿಪಿಎನ್ ಯಾಕ್ರಿ? ಅದಕ್ಕೂ ಪೋರ್ಟ್ ತೆರೆಯೋದು ಬ್ಯಾಡಲ್ಲ.

ಸಂಡೂರು ಗುಡ್ಡ:
ಪೋರ್ಟ್ ತೆರೆಯುವುದಕ್ಕಿಂತ ಅದು ಮೇಲು, ಒಪ್ಪುತ್ತೇನೆ. ಆದರೆ ಕೊನೆಗೆ ನಿಮ್ಮ ಲಾಗಿನ್ ಪುಟ, ನಿಮ್ಮ ಫೋಟೋ ಆ್ಯಪ್ ಹೊರಗಿನವರಿಗೆ ಸಿಕ್ಕೇ ಸಿಗುತ್ತದೆ. 2024ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಪೋನ್‌ಟುಓನ್ ಎಂಬ ಹ್ಯಾಕಿಂಗ್ ಸ್ಪರ್ಧೆಯಲ್ಲಿ ಸಿನಾಲಜಿ ಫೋಟೋಸ್ ಆ್ಯಪ್‌ನಲ್ಲಿ ಒಂದು ತೂತು ತೋರಿಸಿದರು. ಪಾಸ್‌ವರ್ಡ್ ಬೇಡ, ನೀವು ಯಾವ ಲಿಂಕನ್ನೂ ಒತ್ತುವುದು ಬೇಡ, ಹೊರಗಿನವನು ನೇರ ರೂಟ್ (ಡಬ್ಬಿಯ ಪೂರ್ಣ) ಅಧಿಕಾರ ಪಡೆಯಬಹುದಿತ್ತು. ಕ್ವಿಕ್‌ಕನೆಕ್ಟ್ ಹೆಸರಿನ ಮೂಲಕವೂ ತಲುಪಬಹುದಿತ್ತು. ಕಂಪನಿ ಕೆಲವೇ ದಿನದಲ್ಲಿ ಸರಿಪಡಿಸಿತು, ಮೆಚ್ಚಬೇಕು. ಆದರೆ ಸರಿಪಡಿಸಿದ್ದನ್ನು ಹಾಕಿಕೊಳ್ಳುವವರೆಗೆ ಡಬ್ಬಿ ಬಯಲಲ್ಲೇ ಇರುತ್ತದೆ. ವಿಪಿಎನ್ ಹಿಂದೆ ಇದ್ದವರು ಆ ವಾರ ನಿಶ್ಚಿಂತೆಯಾಗಿ ಮಲಗಿದರು.

ಗಂಗಾವತಿ ಭತ್ತ:
ಈ ಫೋಟೋ ಆ್ಯಪ್ ಸುದ್ದಿ ನನಗ ಗೊತ್ತಿರಲಿಲ್ಲ. ನಂದೂ ಅದ ಕಂಪನಿದು. ಆದ್ರೂ ಒಂದು ಮಾತು. ನನ್ನ ಡಬ್ಬ್ಯಾಗ ರೇಡ್ ಐತಿ, ಎರಡು ಡಿಸ್ಕಿನಾಗೂ ಅದ ಡೇಟಾ. ಒಂದು ಹೋದ್ರ ಇನ್ನೊಂದು ಇರತೈತಿ.

ಜೀನ್ಸ್ ಲೆಕ್ಕಿಗ, ಬಳ್ಳಾರಿ:
ಅಲ್ಲಲ್ಲ ಅಣ್ಣಾ, ಇದನ್ನ ಮಾತ್ರ ಒಪ್ಪೋದಿಲ್ಲ. ರೇಡ್ ಡಿಸ್ಕ್ ಕೆಟ್ರೆ ಕಾಪಾಡುತ್ತೆ ಅಷ್ಟೇ. ಕಳ್ಳ ಒಂದು ಫೈಲ್ ಬೀಗ ಹಾಕಿದ್ರೆ ಅದೇ ಕ್ಷಣ ಎರಡು ಡಿಸ್ಕಲ್ಲೂ ಬೀಗ ಬೀಳುತ್ತೆ. ಅಳಿಸಿದ್ರೆ ಎರಡರಲ್ಲೂ ಅಳಿಯುತ್ತೆ.

ಇನ್ನೊಂದು ವಿಷಯ ಇಲ್ಲಿ ಯಾರೂ ಹೇಳಿಲ್ಲ. ಪೋರ್ಟೇ ತೆರೆದಿಲ್ಲ, ವಿಪಿಎನ್ ಐತೆ ಅಂದ್ರೂ ನಾಸ್ ಹೋಗಬಹುದು, ಒಳಗಿಂದ. ಆಫೀಸ್ ಕಂಪ್ಯೂಟರ್‌ನಲ್ಲಿ ನಾಸ್ ಫೋಲ್ಡರ್‌ನ ಝಡ್ ಡ್ರೈವ್ ಅಂತ ಹಾಕಿರ್ತೀವಿ. ಯಾರೋ "ಜಿಎಸ್‌ಟಿ ನೋಟಿಸ್" ಅಂತ ಬಂದ ಮೇಲ್ ತೆಗೆದ್ರೆ ಆ ಕಂಪ್ಯೂಟರ್ ಮೂಲಕ ಝಡ್ ಡ್ರೈವೂ ಕಟ್ಟಿಹೋಗುತ್ತೆ. 2017ರ ಮೇ ತಿಂಗಳ ವಾನಾಕ್ರೈ ವೈರಸ್ ಹಂಗೇ ಒಳಗೊಳಗೇ ಹಬ್ಬಿತ್ತು, ಎಸ್‌ಎಂಬಿ (ಕಂಪ್ಯೂಟರ್‌ಗಳು ಫೋಲ್ಡರ್ ಹಂಚ್ಕೊಳ್ಳೋ ಪದ್ಧತಿ) ಹಳೇ ಆವೃತ್ತಿಯ ತೂತಿನಿಂದ. ಮೈಕ್ರೋಸಾಫ್ಟ್ ಅದಕ್ಕೆ ಮಾರ್ಚಿನಲ್ಲೇ ಪ್ಯಾಚ್ ಕೊಟ್ಟಿತ್ತು, ಹಾಕಿರಲಿಲ್ಲ ಜನ. ಪಕ್ಕದ ಆಂಧ್ರದಲ್ಲಿ ಪೊಲೀಸ್ ಇಲಾಖೆ ಕಂಪ್ಯೂಟರ್‌ಗಳಿಗೂ ತಗುಲಿತ್ತು. ನಾಸ್‌ನಲ್ಲಿ ಎಸ್‌ಎಂಬಿ ಒಂದು ಅನ್ನೋದು ಇನ್ನೂ ಆನ್ ಇದ್ರೆ ಆಫ್ ಮಾಡಿ. ಸ್ನ್ಯಾಪ್‌ಶಾಟ್ ಕೊಡೋ ಮಾಡೆಲ್ ಆದ್ರೆ ಅದನ್ನ ಆನ್ ಮಾಡಿ, ಹಿಂದಿನ ದಿನದ ಸ್ಥಿತಿಗೆ ವಾಪಸ್ ಹೋಗಬಹುದು.

ರಾಯಚೂರು ಕೋಟೆ:
ಲೆಕ್ಕಿಗರು ಹೇಳಿದ್ದು ನೂರಕ್ಕ ನೂರು. ಒಂದು ಸೇರಸ್ತೀನಿ, ಅಡ್ಮಿನ್ ಅಧಿಕಾರ ಸಿಕ್ಕ ಕಳ್ಳ ಸ್ನ್ಯಾಪ್‌ಶಾಟ್ ಕೂಡಾ ಅಳಿಸ್ತಾನ. ಅದಕ್ಕ ವೈರ್ ಕಿತ್ತು ಕಪಾಟಿನಾಗ ಇಟ್ಟ ಇನ್ನೊಂದು ಡಿಸ್ಕ್ ಬೇಕೇ ಬೇಕು.

ಹಟ್ಟಿ ಚಿನ್ನ:
ಬೆಂಗಳೂರು ಎಸ್‌ಪಿ ರೋಡಿನಾಗ ಹಳೇ ಡಿ-ಲಿಂಕ್ ನಾಸ್ ಅಗ್ಗಕ್ಕ ಸಿಗ್ತದ ಅಂತ ಗೆಳೆಯ ಹೇಳ್ಯಾನ. ಕಲೀಲಿಕ್ಕೆ ತಗೊಳ್ಲಾ?

ಕೊಪ್ಪಳ ಕೋಟೆ ಗುಡ್ಡ:
ಬ್ಯಾಡ ತಮ್ಮಾ. 2024ರ ಏಪ್ರಿಲ್‌ನಾಗ ಡಿಎನ್‌ಎಸ್-320ಎಲ್, 325, 327ಎಲ್, 340ಎಲ್ ಇಂಥಾ ಹಳೇ ಮಾಡೆಲ್‌ಗಳಾಗ "ಮೆಸೇಜ್‌ಬಸ್" ಅನ್ನೋ ಯೂಸರ್ ಹೆಸರಿನಿಂದ ಪಾಸ್‌ವರ್ಡ್ ಇಲ್ದನ ಒಳಗ ಹೋಗಬಹುದು ಅಂತ ಹೊರಗ ಬಿತ್ತು. ಅವಧಿ ಮುಗಿದ ಮಾಲು, ಪ್ಯಾಚ್ ಬರಂಗಿಲ್ಲ, ಬದಲಿ ಮಾಡ್ಕೋರಿ ಅಂತ ಕಂಪನಿ ಹೇಳಿಬಿಟ್ತು. ಅಂಥಾದ್ದು ತಗೊಂಡ್ರ ನೆಟ್‌ಗೆ ಹಚ್ಚದ ಇಡಬೇಕು. ಅದರ ಬದಲಿ ಹಳೇ ಕಂಪ್ಯೂಟರಿಗೆ ಓಪನ್‌ಮೀಡಿಯಾವಾಲ್ಟ್ ಅನ್ನೋ ನಾಸ್ ತಂತ್ರಾಂಶ ಹಾಕು, ಕಲಿತಂಗೂ ಆತು, ಅಪ್‌ಡೇಟೂ ಬರತಾವ. ಯಾವ ನಾಸ್ ತಗೊಂಡ್ರೂ ಮೊದಲ ಕೇಳೋ ಪ್ರಶ್ನೆ, ಇದಕ್ಕ ಎಲ್ಲೀತನಕ ಅಪ್‌ಡೇಟ್ ಕೊಡ್ತೀರಿ ಅಂತ. ರೇಟು ಆಮ್ಯಾಲ.

ಗಂಗಾವತಿ ಭತ್ತ:
ಇವತ್ತು ಮಿಲ್ಲಿಗೆ ಹೋಗಿ ರೂಟರ್ ನೋಡಿದೆ. ಕೋಟೆ ಗುಡ್ಡ ಹೇಳಿದಂಗ ವ್ಯಾನ್ ಐಪಿ 100.80ರಿಂದ 100.89ರೊಳಗ ಐತಿ. ಅಂದ್ರ ಸಿಜಿನ್ಯಾಟ್. ಐಪಿವಿ6 ಫೈರ್‌ವಾಲ್ ಆನ್ ಐತಿ. ಕ್ವಿಕ್‌ಕನೆಕ್ಟ್ ಬಂದ್ ಮಾಡಿ ಟೈಲ್‌ಸ್ಕೇಲ್ ಹಾಕಾಕತ್ತೀನಿ. ಆದ್ರ ಅದು ಕೊಟ್ಟ ವಿಳಾಸನೂ 100ರಿಂದ ಶುರು ಆಗೈತಿ, ಇದೇನು ಗೊಂದಲ?

ಕೊಪ್ಪಳ ಕೋಟೆ ಗುಡ್ಡ:
ಟೈಲ್‌ಸ್ಕೇಲ್ ಕೂಡ ಅದ 100.64ರ ಗುಂಪಿನಿಂದ ತನ್ನ ಸಾಧನಗಳಿಗೆ ವಿಳಾಸ ಕೊಡತೈತಿ ಅಣ್ಣಾ. ಗಾಬರಿ ಬ್ಯಾಡ, ಎರಡಕ್ಕೂ ಸಂಬಂಧ ಇಲ್ಲ. ಆ ಖಾತೆಗೆ ಎರಡನೇ ಹಂತದ ಕೋಡ್ ಮಾತ್ರ ಮರೀಬ್ಯಾಡ್ರಿ, ಈಗ ಮನೀ ಕೀಲಿ ಅಂದ್ರ ಆ ಖಾತೆನ.

ಕೌಲ್‌ಬಜಾರ್ ಸ್ಟುಡಿಯೋ, ಬಳ್ಳಾರಿ:
ಯುಪಿಎನ್‌ಪಿ ಆಫ್, ಪಟ್ಟಿ ಖಾಲಿ. ಹೊಸಪೇಟೆ ಹುಡುಗನಿಗೆ ಟೈಲ್‌ಸ್ಕೇಲ್ ಹಾಕಿಸ್ದೆ, ಫೈಲ್ ಮೊದಲಿನಷ್ಟೇ ಬೇಗ ಬರ್ತೈತೆ ಅಂದ. ಇಬ್ಬರು ಪಾರ್ಟಿಗೆ ಕ್ಲೌಡ್ ಲಿಂಕ್ ಕಳ್ಸಿದೀನಿ, ಅವರಿಗೂ ಅದೇ ಸಲೀಸು. ಹೊರಗಿನ ಡಿಸ್ಕ್ ಒಂದು ತಗೊಂಡು ಸಿರುಗುಪ್ಪದಲ್ಲಿರೋ ಅತ್ತೆ ಮಾವನ ಮನೇಲಿ ಇಡೋಣ ಅಂತ ಐತೆ. ಆ ಡಿಸ್ಕ್ ಕಳುವಾದ್ರೆ ಜನರ ಫೋಟೋ ಯಾರ ಕೈಗೋ ಹೋಗುತ್ತಲ್ಲ, ಅದಕ್ಕೇನು ಮಾಡೋದು?

ಜೀನ್ಸ್ ಲೆಕ್ಕಿಗ, ಬಳ್ಳಾರಿ:
ಎನ್‌ಕ್ರಿಪ್ಟ್ ಮಾಡೇ ಇಡಿ, ಅಂದ್ರೆ ಕೀ ಇಲ್ದೆ ಓದೋಕಾಗದ ಹಂಗೆ. ವಿಂಡೋಸ್ ಪ್ರೊ ಇದ್ರೆ ಬಿಟ್‌ಲಾಕರ್, ಇಲ್ಲಾಂದ್ರೆ ವೆರಾಕ್ರಿಪ್ಟ್ ಉಚಿತ. ರಿಕವರಿ ಕೀ ಕಾಗದದ ಮೇಲೆ ಬರೆದು ಬೀರುವಿನಲ್ಲಿ ಇಡಿ, ಡಿಸ್ಕಿನ ಜೊತೆ ಬೇಡ. ಎರಡು ಡಿಸ್ಕ್ ಇದ್ರೆ ಇನ್ನೂ ಒಳ್ಳೇದು, ಊರಿಗೆ ಹೋದಾಗ ಒಂದು ಕೊಟ್ಟು ಇನ್ನೊಂದು ತಗೊಂಡು ಬನ್ನಿ. ವರ್ಷಕ್ಕೊಂದೆರಡು ಸಲ ಅದರಿಂದ ಒಂದು ಫೋಲ್ಡರ್ ವಾಪಸ್ ತೆಗೆದು, ವಿಡಿಯೋ ಓಡುತ್ತಾ ಅಂತ ನೋಡಿ. ನೋಡದ ಬ್ಯಾಕಪ್ ನಂಬೋಕಾಗಲ್ಲ.

ಸಿಂಧನೂರು ಕಾಲುವೆ:
ಯಾರಿಗಾದ್ರೂ ಈಗಾಗ್ಲೇ ದುಡ್ಡು ಕೇಳೋ ಚೀಟಿ ಬಂದಿದ್ರ 1930ಕ್ಕ ಫೋನ್ ಮಾಡ್ರಿ, ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಾಗೂ ದೂರು ಹಾಕ್ರಿ. ಚೀಟಿ, ಒಂದೆರಡು ಕಟ್ಟಿಹೋದ ಫೈಲ್ ತೆಗೆದಿಡ್ರಿ. ಕೀ ಮುಂದೊಂದು ದಿನ ಹೊರಗ ಬಂದ್ರ ಬೇಕಾಗ್ತಾವ. ಡಿಸ್ಕ್ ಫಾರ್ಮ್ಯಾಟ್ ಮಾಡೋ ಅವಸರ ಬ್ಯಾಡ.

ಕಿನ್ನಾಳ ಗೊಂಬಿ:
ನಾನೂ ಮುಂದ ನಾಸ್ ತಗೋಬೇಕು ಅನ್ನಾಕತ್ತೀನಿ. ಟೈಲ್‌ಸ್ಕೇಲ್ ಫೋನಿನಾಗ ಸದಾ ಆನ್ ಇದ್ರ ಬ್ಯಾಟರಿ ತಿಂತೈತೇನು?

ರಾಯಚೂರು ಕೋಟೆ:
ಸ್ವಲ್ಪ ತಿಂತದ ಅಕ್ಕಾ. ಮನ್ಯಾಗ ಇದ್ದಾಗ ಆಫ್ ಇಡ್ರಿ, ಹೊರಗ ಹೋದಾಗ ಫೋಟೋ ಬೇಕಾದ್ರ ಆನ್ ಮಾಡ್ರಿ. ನಾಸ್ ತಗೊಳ್ಳೋ ಮುಂಚೆ ಇಲ್ಲೇ ಮಾಡೆಲ್ ಹೆಸರು ಹಾಕ್ರಿ, ಅಪ್‌ಡೇಟ್ ಬರ್ತಾವೋ ಇಲ್ಲೋ ನೋಡಿ ಹೇಳ್ತೀವಿ.